ಮುಚ್ಚಳಿಕೆ

ಕರಟ ಬಿಡಿಸಿ ಬಂದ ಕೈ, ಅಂಗೈ ತುಂಬ ಕತ್ತದ ನಾರು.
ಸೆರಗಿಗೆ ಒರೆಸಿಕೊಂಡು ಕೂತೆ.
‘ಅವ್ವ, ಸ್ಕೂಲಿಂದ ಕಾಗದ ಕೊಟ್ಟವ್ರೆ, ಸಹಿ ಬೇಕು’
ಅಂದಳು ಹಂಸವೇಣಿ.
ಮುಚ್ಚಳಿಕೆ ಅಂತೆ ಅದರ ಹೆಸರು.
ಮುಚ್ಚೋದು ಏನನ್ನ, ಕೇಳಿದೆ.
‘ಬಾಯನ್ನ’ ಅಂದಳು, ನಕ್ಕಳು.

ಆಮೇಲೆ ಓದಿದಳು,
ಅರಸೀಕೆರೆ ಸ್ಟೇಷನ್ನಿನ ಮೈಕಿನವಳ ದನಿ ತಂದುಕೊಂಡು:
ಒಂದು. ಪ್ರಾರ್ಥನೆ ಗಂಟೆಗೆ ಮೊದಲು ಮಗು ಶಾಲೆಯಲ್ಲಿರತಕ್ಕದ್ದು.
ಎರಡು. ರಜೆ ಹಾಕಿದರೆ ಕಾರಣ ಕಾಣಿಸಿ,
ಪೋಷಕರ ಸಹಿಯೊಡನೆ ಚೀಟಿ ತರತಕ್ಕದ್ದು.
ಮೂರು, ಎರಡು ಜಡೆ, ರಿಬ್ಬನ್ನು.
ನಾಲ್ಕು, ನೂರಕ್ಕೆ ಎಪ್ಪತ್ತೈದು ಹಾಜರಿ ಇರತಕ್ಕದ್ದು.
ತಕ್ಕದ್ದು ತಕ್ಕದ್ದು ತಕ್ಕದ್ದು,
ಗೂಡ್ಸ್ ಗಾಡಿ ಹಳಿಯ ಸಂದು ದಾಟಿದ ಹಾಗೆ.

ಐದು, ಜಗಳ, ಕೆಟ್ಟ ಮಾತು. ಆರು, ಮೊಬೈಲು.
ಏಳಕ್ಕೆ ಕೊಂಚ ತಡೆದಳು.
ಹೋದ ತಿಂಗಳು ಬೆಂಚಿನ ಮೇಲೆ ಕೈವಾರದಲ್ಲಿ
ಹೆಸರು ಕೆತ್ತಿದವಳು ಇವಳೇ.
ಅದನ್ನ ಬೇಗ ಬೇಗ ಓದಿ ದಾಟಿಸಿದಳು.
ಎಂಟು, ಪೋಷಕರ ಸಭೆ.
ಒಂಬತ್ತು, ಶಿಸ್ತು ಮೀರಿದರೆ
ಮುಖ್ಯೋಪಾಧ್ಯಾಯರ ತೀರ್ಮಾನಕ್ಕೆ ಬದ್ಧರು.

ಹತ್ತು.
ದನಿ ಅದೇ, ಮೈಕಿನವಳದ್ದೇ,
ಕಣ್ಣು ಮಾತ್ರ ಕಾಗದ ಬಿಟ್ಟು ಏಳಲಿಲ್ಲ.
ಹತ್ತು. ಮಂಡಿಯಲ್ಲಿ ಹರಾಜಿರುವ ದಿನ
ತಮ್ಮನನ್ನು ನೋಡಿಕೊಳ್ಳಲೆಂದು
ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳತಕ್ಕದ್ದಲ್ಲ.

ನನಗೆ ಅಕ್ಷರ ಬರದು. ಅಂಕಿ ಬರುತ್ತೆ.
ಹದಿನಾಲ್ಕು ವರ್ಷ ಕೊಬ್ಬರಿ ಮೂಟೆ ಎಣಿಸಿದವಳು,
ತಕ್ಕಡಿ ಮುಳ್ಳು ಕೂದಲೆಳೆ ಸರಿದರೂ ಹೇಳಬಲ್ಲೆ.
ಆ ಹಾಳೆಯಲ್ಲಿ ಒಂಬತ್ತರ ಕೆಳಗೆ ಏನೂ ಇರಲಿಲ್ಲ.
ಬಿಳೀ ಜಾಗ. ಒಂದು ಗೀಟು, ಸಹಿಗೆ.

ಹತ್ತನೇದು ಎಲ್ಲಿದೆ ತೋರಿಸು, ಅನ್ನಬಹುದಿತ್ತು.
ಒಲೆ ಮೇಲೆ ಹುರುಳಿ ಉಕ್ಕುತ್ತಿತ್ತು, ಉರಿ ತಗ್ಗಿಸಿ ಬಂದೆ.
ಜುಲೇಖಾ ಮಿಸ್ಸು ಒಂದು ಸಲ ಹಾಜರಿ ಪುಸ್ತಕ ತೋರಿಸಿದ್ದರು:
ವಾರಕ್ಕೆರಡು ಕೆಂಪು ಚುಕ್ಕಿ, ಹೊಲಿಗೆ ಹಾಕಿದಷ್ಟು ನೇರ.
‘ಏನಮ್ಮ, ಇವಳ ಜ್ವರ ಹರಾಜು ನೋಡ್ಕೊಂಡು ಬರುತ್ತಾ?’
ಆವತ್ತು ತಲೆ ಬಗ್ಗಿಸಿ ಚಪ್ಪಲಿ ಹುಡುಕಿದ್ದೆ,
ಕಾಲಲ್ಲೇ ಇತ್ತು.

ಪೆನ್ನು ಕೊಡು ಅಂದೆ.
ಸಾ. ಕ. ಮ್ಮ.
ಆ ಕೊನೇ ಒತ್ತು ನನಗೆ ಯಾವಾಗಲೂ ಮರೆಯುತ್ತೆ,
ಬ್ಯಾಂಕಿನವನು ಎರಡು ಸಲ ವಾಪಸ್ ಕಳಿಸಿದ್ದಾನೆ.
ಇವತ್ತು ಹಾಕಿದೆ, ಹಾಳೆ ತೂತಾಗುವಷ್ಟು ಒತ್ತಿ.

ಮುಂದಿನ ಹರಾಜಿಗೆ
ಗೋಣಿಯಲ್ಲಿ ಜೋಲಿ ಕಟ್ಟಿ ಮಗುವನ್ನ ಮಂಡಿಯಲ್ಲೇ ತೂಗಿದೆ.
‘ಇದೇನು ಅಂಗನವಾಡಿಯೇನಮ್ಮ?’ ಅಂದರು ಷಡಕ್ಷರಪ್ಪ ಸಾಹುಕಾರರು.
‘ಮುಚ್ಚಳಿಕೆ ಬರೆದುಕೊಟ್ಟಿದ್ದೀನಿ ಸ್ವಾಮಿ’ ಅಂದೆ.
ಪೊಲೀಸಿನ ವಿಷಯ ಅಂದುಕೊಂಡರೋ ಏನೋ,
ಮುಂದೆ ಕೇಳಲಿಲ್ಲ.

ನಾಲ್ಕು ಹರಾಜು ಹಾಗೇ ನಡೆಯಿತು.
ಐದನೇದರ ಬೆಳಗ್ಗೆ ಮಗುವಿನ ಮೈ ಕೆಂಡ.
ಧೂಳಿಗೋ, ಏನಕ್ಕೋ. ಈ ಸಲ ಜ್ವರ ನಿಜದ್ದು.
ಹಿಂದಿನ ವಾರದ ಮುಂಗಡ ಆಗಲೇ ಅಂಗಡಿಗೆ ಹೋಗಿತ್ತು.
ಅವಳು ಒಂದು ಜಡೆ ಹೆಣೆದು ಮುಗಿಸಿದ್ದಳು,
ಇನ್ನೊಂದರ ರಿಬ್ಬನ್ನು ಹಲ್ಲಲ್ಲಿ ಕಚ್ಚಿದ್ದಳು.
ನಾನು ಬಾಗಿಲಲ್ಲಿ ನಿಂತೆ. ಏನೂ ಹೇಳಲಿಲ್ಲ.
ಅವಳೇ ರಿಬ್ಬನ್ನು ತೆಗೆದು ಮೊಳೆಗೆ ಸಿಕ್ಕಿಸಿದಳು,
ತಮ್ಮನಿಗೆ ಕೈ ಚಾಚಿದಳು.

ರಾತ್ರಿ ನೋಟ್‌ಬುಕ್ಕಿನ ಹಾಳೆ ಹರಿದು
ರಜಾ ಚೀಟಿ ಬರೆದಳು. ಎರಡನೇ ನಿಯಮ.
ಕಾರಣ ಅನ್ನೋ ಕಡೆ ತುಂಬಾ ಹೊತ್ತು ಬರೆದಳು.
ಜ್ವರ ಅಂತ ಬರೆಯೋಕೆ ಅಷ್ಟು ಹೊತ್ತು ಬೇಡ.
ಓದು ಅನ್ನಲಿಲ್ಲ ನಾನು.
ಎಲ್ಲಿ, ಅಂದೆ. ಬೆರಳಿಟ್ಟು ತೋರಿಸಿದಳು.
ಒತ್ತು ಹಾಕಿ ಸಹಿ ಮಾಡಿದೆ.