ಗಾಢನಿದ್ರೆಗೆ ಅಪ್ಪಣೆಯಿಲ್ಲ

ತ್ಸಿಯಾಲಾಳ ಔಷಧಿಯಂಗಡಿಯ ಕಂಪ್ಯೂಟರಿಗೆ
ಹದಿಮೂರು ವರ್ಷ. ನಾಯಿಯಾಗಿದ್ದರೆ
ಇಷ್ಟರಲ್ಲಿ ಹಿತ್ತಲಲ್ಲಿ ಹೂತು ಮೇಲೊಂದು ಕಲ್ಲಿಡುತ್ತಿದ್ದೆವು.
ಹೊಸ ಆವೃತ್ತಿ ಹಾಕಿದ್ದು ನಾನೇ,
ಈಸ್ಟರಿನ ಹಿಂದಿನ ವಾರ, ಪುಕ್ಕಟೆ.
ಅಂದಿನಿಂದ ಅದು ನಿಲ್ಲುತ್ತದೆ.

ಕೆಡುವುದು ಬೇರೆ, ನಿಲ್ಲುವುದು ಬೇರೆ.
ಕೆಟ್ಟರೆ ಸುಟ್ಟ ವಾಸನೆ ಬರುತ್ತದೆ, ಬೀಪ್ ಅನ್ನುತ್ತದೆ,
ಪರದೆಯ ತುಂಬ ಏನಾದರೊಂದು ಬೈಗುಳ ಬೀಳುತ್ತದೆ.
ಇಲ್ಲಿ ಬಾಣದ ಗುರುತು
ಕೆಮ್ಮಿನ ಸಿರಪ್ಪಿನ ಬೆಲೆಯ ಮೇಲೆ ಹೋಗಿ
ಕೂತಲ್ಲೇ ಕೂತಿತು. ಮೂಲೆಯ ಗಡಿಯಾರದಲ್ಲಿ
ನಾಲ್ಕು ಹದಿನೇಳು.
ಗೋಡೆಯ ಮೇಲೆ ಐದೂವರೆ.
ಫ್ಯಾನು ಮಾತ್ರ ತಿರುಗುತ್ತಲೇ ಇತ್ತು,
ಸಾವಿನ ಮನೆಯಲ್ಲಿ ಕುರ್ಚಿ ಎಣಿಸುವ ನೆಂಟನ ಹಾಗೆ.

"ಹೆಪ್ಪುಗಟ್ಟಿದೆ, ಓತಿಯಾ" ಎಂದಳು ತ್ಸಿಯಾಲಾ,
ಮಾತ್ಸೋನಿ ಮೊಸರಿಗೆ ಹೆಪ್ಪು ಹಾಕಿ
ಪಾತ್ರೆ ಅಲ್ಲಾಡಿಸಬೇಡ ಎನ್ನುವ ಅದೇ ದನಿಯಲ್ಲಿ.

ಅಲ್ಲಾಡಿಸಿದೆ. ಕೇಬಲ್ಲು ಕಿತ್ತು, ಊದಿ, ಮತ್ತೆ ಚುಚ್ಚಿದೆ.
ಮೆಮರಿ ಪಟ್ಟಿ ಎರಡನ್ನೂ ಬಿಚ್ಚಿ
ಅಂಚಿಗೆ ಶಾಲೆಮಕ್ಕಳ ರಬ್ಬರು ಉಜ್ಜಿ
ಒಂದೊಂದನ್ನೇ ಕೂಡಿಸಿ ರಾತ್ರಿಯಿಡೀ ಪರೀಕ್ಷಿಸಿದೆ:
ಒಂದು ತಪ್ಪೂ ಇಲ್ಲ.
ಡಿಸ್ಕು? ಮುದಿ, ಆದರೆ ಪ್ರಾಮಾಣಿಕ.
ಪ್ರೊಸೆಸರಿನ ಮೇಲೆ ಒಣಗಿದ್ದ ಅಂಟು ಕೆರೆದು ಹೊಸದು ಹಚ್ಚಿದೆ.
ಒಳಗೆ ಸಿಕ್ಕಿದ್ದು ಹಿಡಿ ಧೂಳು, ಅರ್ಧ ಆಸ್ಪಿರಿನ್,
ತ್ಸಿಯಾಲಾ ಮೂರು ವರ್ಷದಿಂದ ಹುಡುಕುತ್ತಿದ್ದ
ಕಿವಿಯೋಲೆಯ ತಿರುಪು.

ಯಂತ್ರ ತನ್ನ ದಿನಚರಿಯನ್ನು ತಾನೇ ಬರೆಯುತ್ತದೆ. ಓದಿದೆ.
ನಾಲ್ಕು ಹದಿನೇಳಕ್ಕೆ "ಪ್ರಿಂಟರ್ ಸಿದ್ಧ".
ಮುಂದಿನ ಸಾಲು ಮರುದಿನ ಬೆಳಗಿನದು.
ನಡುವೆ ಅಯ್ಯೋ ಎಂಬ ಎರಡಕ್ಷರವೂ ಇಲ್ಲ.

ಚಿಯಾತುರಾದ ರೋಪ್‌ವೇಯಲ್ಲಿ
ಮೂವತ್ತೊಂದು ವರ್ಷ ನಾನು ಮೆಕ್ಯಾನಿಕ್.
ಗಣಿ ಕೆಲಸದವರನ್ನು ತುಂಬಿಕೊಂಡ ತಗಡಿನ ಡಬ್ಬಿ
ಕ್ವಿರಿಲಾ ಹೊಳೆಯ ಕಪ್ಪು ನೀರಿನ ಮೇಲೆ
ಗಕ್ಕನೆ ನಿಂತರೆ, ಹಗ್ಗಕ್ಕೆ ಅಂಗೈಯಿಟ್ಟರೆ ಸಾಕು,
ಉಕ್ಕು ಹೇಳುತ್ತಿತ್ತು: ಕೆಳಗಿನ ಗಾಲಿಯೋ, ಮೇಲಿನದೋ,
ಬರೀ ಕರೆಂಟು ಹೋದದ್ದೋ.
ಒಮ್ಮೆ ಎರಡು ತಾಸು ತೂಗಾಡಿದ ವಖುಷ್ತಿ ಮೇಷ್ಟ್ರು
ಇಳಿಯುವಷ್ಟರಲ್ಲಿ ನಲವತ್ತು ಉತ್ತರಪತ್ರಿಕೆ ತಿದ್ದಿ ಮುಗಿಸಿದ್ದರು.
ಎಲ್ಲರೂ ಪಾಸು.

ಈ ಡಬ್ಬಿಗೂ ಅಂಗೈಯಿಟ್ಟೆ.
ಬೆಚ್ಚಗಿತ್ತು. ಅಷ್ಟೇ ಹೇಳಿತು.

ಬೇರೆ ದಾರಿಯಿಲ್ಲದೆ ಮೂರು ದಿನ
ಗಿರಾಕಿಗಳ ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ.
ಜನ ಬಾಗಿಲಾಚೆಗೂ ಸಾಲು ನಿಂತಾಗ,
ಇನ್ಸುಲಿನ್ನು, ರಕ್ತದೊತ್ತಡ, ಹಲ್ಲುನೋವು,
ರಸೀದಿಯ ಮೇಲೆ ರಸೀದಿ, ಒಮ್ಮೆಯೂ ನಿಲ್ಲಲಿಲ್ಲ.
ನಿಂತದ್ದು ಊಟದ ಹೊತ್ತಿನಲ್ಲಿ,
ಫುಟ್‌ಬಾಲ್ ಪಂದ್ಯಕ್ಕೆ ಬೀದಿ ಬರಿದಾದ ಸಂಜೆ,
ತ್ಸಿಯಾಲಾ ತನ್ನ ಅಕ್ಕನ ಜೊತೆ ಫೋನಿನಲ್ಲಿದ್ದಾಗ.
ದುಡಿವಾಗ ಗಟ್ಟಿ.
ದಣಿವಾರಿಸಲು ಕೂತರೆ ಹೋಯಿತು.

ಹೊಸ ಆವೃತ್ತಿ ಕರುಣಾಳು. ಕೆಲಸವಿಲ್ಲವೆಂದು ಕಂಡ ಕೂಡಲೇ
ಪ್ರೊಸೆಸರಿಗೆ ಮಲಗು ಅನ್ನುತ್ತದೆ,
ಮೆಟ್ಟಿಲು ಮೆಟ್ಟಿಲಾಗಿ ಇನ್ನೂ ಆಳಕ್ಕೆ ಇಳಿಸುತ್ತದೆ.
ಹಳೆಯದು ವಿಧೇಯ, ಇಳಿಯುತ್ತದೆ.
ಹತ್ತಿ ಬರುವ ದಾರಿಯನ್ನು
ಅದು ಹುಟ್ಟಿದ ಕಾಲದಲ್ಲಿ ಯಾರೂ ಸರಿಯಾಗಿ ಕಟ್ಟಿರಲಿಲ್ಲ.

ಬೂಟ್ ಆಗುವ ಕಡತದಲ್ಲಿ ಒಂದೇ ಸಾಲು ಬರೆದೆ:
ಮೊದಲ ಮೆಟ್ಟಿಲಿಗಿಂತ ಕೆಳಗೆ ಇಳಿಯಕೂಡದು.
ಬೇಕಾದರೆ ತೂಕಡಿಸು.

ಹನ್ನೊಂದು ದಿನವಾಯಿತು.
ಸರಿಹೋಯಿತು ಎಂದು ನಾನು ಹೇಳುವವನಲ್ಲ,
ಹನ್ನೊಂದು ದಿನ ನಿಂತಿಲ್ಲ ಅನ್ನುತ್ತೇನೆ.
ಕರೆಂಟು ತುಸು ಹೆಚ್ಚು ತಿನ್ನುತ್ತದೆ ಎಂದಾಗ
"ಎಚ್ಚರವಿದ್ದವರು ತಿನ್ನುತ್ತಾರೆ ಬಿಡು" ಎಂದಳು ತ್ಸಿಯಾಲಾ.
ಕೂಲಿಗೆ ಒಂದು ಜಾಡಿ ಮಾತ್ಸೋನಿ,
ಕೇಳದೆಯೇ ನಿದ್ದೆಮಾತ್ರೆಯ ಒಂದು ಪಟ್ಟಿ.
ರೋಪ್‌ವೇ ಕೆಲಸ ಬಿಟ್ಟಾಗಿನಿಂದ ರಾತ್ರಿ ಮೂರಕ್ಕೂ
ನನ್ನ ಕಿಟಕಿಯ ದೀಪ
ಅವಳ ಅಡುಗೆಮನೆಗೆ ಕಾಣುತ್ತದಂತೆ.

ಮಾತ್ಸೋನಿ ತಿಂದೆ.
ಪಟ್ಟಿ ಸ್ಕ್ರೂಡ್ರೈವರಿನ ಡಬ್ಬಿಯಲ್ಲಿದೆ,
ಆ ರಬ್ಬರಿನ ಪಕ್ಕ.