ಎರಡನೇ ಕೂಗು

ಲ್ಯುಬ್ಲಿಯಾನಾ, ನವೆಂಬರ್. ಹೊಳೆಯ ಮಂಜು
ಕಿಟಕಿಗೆ ಅಂಟಿದೆ, ಒರೆಸಿದರೂ ಹೋಗದು.
ವೊಯ್ತೆಹ್ ಬೋರಲು ಮಲಗಿದ್ದಾನೆ. ಅವನ ಬೆನ್ನ ಮಣಿಗಳನ್ನು
ಬೆರಳಲ್ಲಿ ಎಣಿಸುತ್ತ ಇಳಿಯುತ್ತೇನೆ,
ಕತ್ತಲಲ್ಲಿ ಮೆಟ್ಟಿಲಿಳಿಯುವವಳ ಹಾಗೆ.
ಎದೆಯ ಸಾಲಿನ ಐದರ ಹತ್ತಿರ ಹೊಲಿಗೆಯ ಗುರುತು.
ಅಲ್ಲಿಂದ ಕೆಳಗೆ ನನ್ನ ಬೆರಳ ಸುದ್ದಿ ಅವನಿಗೆ ಮುಟ್ಟದು.
ಹನ್ನೊಂದು, ಹನ್ನೆರಡು. ಇವೆರಡರ ನಡುವೆ
ಜೆಲ್ಲು ಬಳಿದ ಪಟ್ಟಿ ಒತ್ತುತ್ತೇನೆ.
"ತಣ್ಣಗಿದೆ, ಕ್ಷಮಿಸಿ" ಅನ್ನುತ್ತೇನೆ, ಅಭ್ಯಾಸಬಲ.
"ನೀವು ಹೇಳಿದ ಮೇಲೆ ಇರಬೇಕು" ಅನ್ನುತ್ತಾನೆ.

ಬರ್ದಾ ಗುಡ್ಡಗಳಲ್ಲಿ, ಮೇ ತಿಂಗಳ ಕೊನೆಗೆ,
ಚೆರ್ರಿ ಮರದ ಏಣಿಯಿಂದ ಬಿದ್ದವನು.
ಬುಟ್ಟಿ ಕೊಂಬೆಯಲ್ಲೇ ಉಳಿಯಿತಂತೆ, ತುಂಬಿದ್ದು ತುಂಬಿದ ಹಾಗೆ.
ಎಲ್ಲರಿಗೂ ಇದನ್ನೇ ಹೇಳುತ್ತಾನೆ:
ತಾನು ಬಿದ್ದದ್ದನ್ನಲ್ಲ, ಬುಟ್ಟಿ ಬೀಳದ್ದನ್ನು.

ನಾನೂ ಗಾಶ್ಪರ್ ಹುಡುಗನೂ ಸೇರಿ ಅಂಗಾತ ಹೊರಳಿಸುತ್ತೇವೆ.
ಹೊಕ್ಕುಳಿನ ಆಚೆ ಈಚೆ ಎರಡು ಅಗಲ ಪಟ್ಟಿ.
ತೊಡೆಯ ಮುಂದೆ, ತೊಡೆಯ ಹಿಂದೆ, ಕಣಕಾಲಿಗೆ,
ಮೀನಖಂಡಕ್ಕೆ, ಕಿವಿಗೊಟ್ಟು ಕೂತ ಬಿಲ್ಲೆಗಳು.
ತಲೆ ಎತ್ತುವಂತಿಲ್ಲ, ಎತ್ತಿದರೆ ಅಳತೆ ಕೆಡುತ್ತದೆ.
ಅದಕ್ಕೇ ಗಾಶ್ಪರ್ ತನ್ನ ಕ್ಷೌರದ ಕನ್ನಡಿಯನ್ನು
ಸಲೈನ್ ಕಂಬಕ್ಕೆ ಕಟ್ಟಿದ್ದಾನೆ.
ಅದರೊಳಗೆ ಎರಡು ಕಾಲು, ಯಾರವೋ ಎಂಬಂತೆ.

ಇಪ್ಪತ್ತು ಮಿಲಿಆಂಪ್. ಏನಿಲ್ಲ.
ಇಪ್ಪತ್ತೈದು. ಪರದೆಯಲ್ಲಿ ಎಂಟು ಗೆರೆ, ನಿಂತ ನೀರು.
ಮೂವತ್ತು. ಮೂವತ್ತೈದು.
ನಲವತ್ತಕ್ಕೆ ತೊಡೆ ಗೊಣಗಿತು.
ನಲವತ್ತೈದಕ್ಕೆ ಮೀನಖಂಡದ ಮೀನು
ಕೆಸರಿನಡಿಯಿಂದ ಬಾಲ ಬಡಿದು ಮತ್ತೆ ಮುಳುಗಿತು.
ಕನ್ನಡಿಯಲ್ಲಿ ಪಾದ ಕುಣಿದದ್ದು ಕಂಡು
"ಅದು ನಾನಾ?" ಎಂದ.

ಅಲ್ಲ ಅಂದರೂ ಸುಳ್ಳು, ಹೌದು ಅಂದರೂ ಸುಳ್ಳು.
ಬೆನ್ನಲ್ಲೊಂದು ಬೇರನ್ನು ತಟ್ಟಿದೆವು. ಸುದ್ದಿ
ಹುರಿಯೊಳಗೆ ಹೊಕ್ಕು, ನಿಮ್ಮನ್ನು ಕೇಳದೆ,
ಇನ್ನೊಂದು ಬೇರಿನಿಂದ ಹೊರಟು ಕಾಲಿಗೆ ಬಂತು.
ಸೆಕೆಂಡನ್ನು ಸಾವಿರ ಹೋಳು ಮಾಡಿದರೆ
ಹತ್ತರ ಸುಮಾರಿಗೆ ತೊಡೆ, ಇಪ್ಪತ್ತಕ್ಕೆ ಮೀನಖಂಡ.
ಯಜಮಾನ ಮಹಡಿಯಲ್ಲಿದ್ದಾನೆ, ಮೆಟ್ಟಿಲು ಮುರಿದಿದೆ;
ಕೆಳಗೆ ಕದ ತೆರೆದವರೂ ಮನೆಯವರೇ.
ಇಷ್ಟು ಹೇಳಿದೆ. ಅವನು ಕನ್ನಡಿಯನ್ನೇ ನೋಡುತ್ತಿದ್ದ.

ಆದರೂ ಅನುಮಾನ ನನ್ನ ಕಸುಬು.
ಕರೆಂಟು ಒಳಗೆ ಹೋಗದೆ, ಹೊರಗೆ ಹೊರಟ ಬೇರನ್ನೇ
ಕುಟುಕಿರಬಹುದು. ಆಗ ಅದು ಉತ್ತರವಲ್ಲ, ಬರಿಯ ಸದ್ದು.
ಅದಕ್ಕೇ ಜೋಡಿ ಏಟು, ಒಂದರ ಬೆನ್ನಿಗೆ ಇನ್ನೊಂದು,
ನಡುವೆ ಐವತ್ತು ಹೋಳಿನ ಬಿಡುವು.
ಕನ್ನಡಿಯಲ್ಲಿ ಕಾಲು ಒಮ್ಮೆಯೇ ಅದುರಿತು.
ಪರದೆಯಲ್ಲಿ ಎರಡು: ಮೊದಲು ಗುಡ್ಡ,
ಆಮೇಲೆ ಇರುವೆಗೂಡಿನಷ್ಟು ಉಬ್ಬು.
"ಎರಡನೆಯದಕ್ಕೇ ಸೋತುಹೋಯಿತಲ್ಲ" ಎಂದ, ದನಿ ಇಳಿಸಿ.

ಸೋತಿಲ್ಲ, ವೊಯ್ತೆಹ್. ಬರಿಯ ತಂತಿಯಾಗಿದ್ದರೆ
ಎರಡನೆಯದಕ್ಕೂ ಅಷ್ಟೇ ಜೋರಾಗಿ ಬಡಕೊಳ್ಳುತ್ತಿತ್ತು.
ಈಗಷ್ಟೇ ಓಗೊಟ್ಟದ್ದು ನೆನಪಿದ್ದವರು
ಎರಡನೇ ಕೂಗಿಗೆ ಸಣ್ಣಗೆ ಓಗೊಡುತ್ತಾರೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ:
"ನಮ್ಮಮ್ಮ ಹಾಗೇ. ಮೊದಲು ಕರೆದಾಗ 'ಬಂದೆ' ಅನ್ನುವಳು.
ಒಡನೆ ಇನ್ನೊಮ್ಮೆ ಕರೆದರೆ, ಒಲೆಯ ಮುಂದಿಂದ, ಬರೀ 'ಹ್ಞೂಂ'."
ಗಾಶ್ಪರ್ ನಕ್ಕು ಮಂಚಕ್ಕೆ ತಾಗಿದ, ಎಂಟೂ ಗೆರೆ ಕೆದರಿದವು.
ಆ ಸಾಲು ಅಳಿಸಿ ಮತ್ತೆ ತೆಗೆದೆವು.

ಯಂತ್ರ ಬಂದ ವರ್ಷ ಮೊದಲು ಮಲಗಿದವಳು ನಾನೇ.
ಇದೇ ಮಣಿಗಳ ನಡುವೆ ಗುದ್ದು, ಹೊಟ್ಟೆ ಹಿಂಡಿದ ಹಾಗೆ,
ಬಾಯಿಂದ ಬೈಗುಳವೊಂದು ಜಾರಿತ್ತು.
ಆ ಹಾಳೆ ಇನ್ನೂ ಕಪಾಟಿನಲ್ಲಿದೆ.
ಸಂಜೆ ಎರಡನ್ನೂ ಮೇಜಿನ ಮೇಲೆ ಒಟ್ಟಿಗಿಟ್ಟೆ:
ಗುಡ್ಡ, ಇರುವೆಗೂಡು. ಗುಡ್ಡ, ಇರುವೆಗೂಡು.
ಹೆಸರು ಮುಚ್ಚಿ ಕೇಳಿದರೆ ಗಾಶ್ಪರ್
ಬೆರಳಿಟ್ಟ, ತೆಗೆದ, ಇಟ್ಟ. ತಪ್ಪಿತು.

ಕೋಟು ತೊಟ್ಟು ದೀಪ ಆರಿಸಿ
ಆರನೇ ನಂಬರಿನ ಬಸ್ಸಿಗೆ ಓಡಿದೆ.