ಮೂರು ರೋಲರ್, ಒಂದು ಕೌದಿ

ಕಾರ್ಖಾನಿ ಸೈರನ್ ಕೂಗಿತಂದ್ರ ರಸ್ತೆ ನಮ್ಮದಲ್ಲ.
ಪಟಾಕಿ ಕಸ ಬಳಿಯೂದ್ರಾಗ
ಬಂದ ಬಿಡ್ತಾವ ಕಬ್ಬಿನ ಟ್ರ್ಯಾಕ್ಟರ್,
ಒಂದಕ್ಕ ಎರಡು ಟ್ರೇಲರ್, ಹಿಂದ ದೀಪ ಇಲ್ಲ,
ಮುಂದ ಕಿವಿ ಹರಿಯೋ ಹಾಡು.
ಹೋದ ವರ್ಷ ಜಮಖಂಡಿ ರಸ್ತೆದಾಗ
ದಾಕ್ಷಾಯಣಿ ಭುಜದ ಎಲುಬು ಮುರಕೊಂಡ್ಲು.
ಗುದ್ದಿದ್ದು ಟ್ರ್ಯಾಕ್ಟರಲ್ಲ,
ಅದರಿಂದ ಜಾರಿ ಬಿದ್ದ ಒಂದ ಒಂದು ಕಬ್ಬು.
ಆಕಿ ಈಗೂ ಕಬ್ಬಿನಹಾಲು ಕುಡ್ಯಂಗಿಲ್ಲ.

ಸನದಿ ಸರ್ ಅಂದ್ರು, ಶಿವರಾತ್ರಿ ತನಕ ಮನಿಯೊಳಗ ತುಳೀರಿ.
ನೋಟ್‌ಬುಕ್ಕಿನ್ಯಾಗ ಹನ್ನೆರಡು ವಾರ ಬರಕೊಟ್ರು:
ಮಂಗಳವಾರ ಎಂಟು ನಿಮಿಷದ್ದು ಮೂರು,
ಗುರುವಾರ ಒಂದು ನಿಮಿಷದ್ದು ಹತ್ತು,
ಸೋಮವಾರ ಕಾಲಿಗೆ ಎಣ್ಣಿ, ಬ್ಯಾರೆ ಏನಿಲ್ಲ.
ಯಾವುದರ ಮ್ಯಾಲ ತುಳೀಬೇಕು,
ಅದನ್ನ ಬರೀಲಿಲ್ಲ.

ಬೆಳಗಾವಿ ಅಂಗಡ್ಯಾಗ ಒಂದು ನೋಡಿದೆ.
ಕರೇದು, ಕಾಲು ಮಡಚಿ ಕೂತ ಎಮ್ಮಿಕರದಂಗ.
ಹಿಂದಿನ ಗಾಲಿ ಬಿಚ್ಚಿ ಸೈಕಲ್ ಅದಕ್ಕ ಸಿಗಿಸಬೇಕು.
ಫೋನಿನ್ಯಾಗ ಗುಡ್ಡ ಬಂದ್ರ ತಾನ ಬಿಗಿ ಆಗ್ತದ,
ಎಷ್ಟು ವ್ಯಾಟ್ ತುಳದಿ, ಮುಲಾಜಿಲ್ಲದ ಹೇಳ್ತದ.
ಅಂಗಡಿಯಾಂವ ಹತ್ತಿಸಿದ. ಐದು ನಿಮಿಷ.
ಯಾವ ದೇಶದ್ದೋ ಘಾಟು, ಹಿಮ, ರಸ್ತೆ ಬದಿ ಕುರಿ.
ನನ್ನ ತೊಡಿಗೆ ಅದು ಸುಳ್ಳು ಅನಸಲಿಲ್ಲ.
ರೇಟು ಕೇಳಿದೆ. ಅರವತ್ತೆಂಟು ಸಾವಿರ.
ಇಳದು, ನನ್ನ ಬೆವರು ಒರಸಿ ಕೊಟ್ಟೆ.

ವಿಜಯಪುರದ ಹಾಸ್ಟೆಲ್ ಹುಡುಗಿ ಹತ್ರ
ಹಳೇದೊಂದು ಇತ್ತು, ಮ್ಯಾಗ್ನೆಟ್‌ದು, ಆರು ಸಾವಿರಕ್ಕ.
ಗಾಲಿ ಗಟ್ಟಿ ಹಿಡೀತದ, ಬೀಳೂ ಮಾತ ಇಲ್ಲ,
ಆದ್ರ ಟೈರ್ ತಿಂತದ, ಇಲಿ ರೊಟ್ಟಿ ತಿಂದಂಗ.
ತಾನ ಹೇಳಿದ್ಲು, ಪಾಪ, ಮಾರಾಕ ಬಂದಾಕಿ.

ಕಡೀಕ ನಮ್ಮ ಬನಹಟ್ಟ್ಯಾಗ, ರಾಜೇಸಾಬ ಮಾಮಾನ ಲೇಥ್.
ಬೋರಿನ ಕೇಸಿಂಗ್ ಪೈಪಿನ ತುಂಡು ಮೂಲ್ಯಾಗ ಬಿದ್ದಿದ್ವು.
ಬೂದಿ ಬಣ್ಣದ ನೆಲದ ಮ್ಯಾಲ ಬಟ್ಟಿಲೆ ಗೆರಿ ಎಳದೆ:
ಹಿಂದ ಎರಡು, ಮುಂದ ಒಂದು, ನಡುವ ಬೆಲ್ಟು.
"ಸೈಕಲ್ ಹಿಡಿಯೂದು ಯಾವುದು ಇದರಾಗ?"
"ಯಾವುದೂ ಇಲ್ಲ."
"ಮತ್ತ ಬಿದ್ರ?"
"ಬೀಳಬಾರದು ಮಾಮಾ."
ಆಂವ ಕಿವಿ ಮ್ಯಾಗಿನ ಸುಣ್ಣದಕಡ್ಡಿ ತಗದು
ನನ್ನ ಗೆರಿಯೆಲ್ಲ ಎರಡು ಇಂಚು ಸರಿಸಿದ.

ಬೇರಿಂಗ್ ಆರೂ ನಮ್ಮ ಮಾರಿದ ಮಗ್ಗದ್ದು,
ಅಪ್ಪ ಡಬ್ಬ್ಯಾಗ ಎಣ್ಣಿ ಹಚ್ಚಿ ಇಟ್ಟಿದ್ದ, ಯಾಕಂತ ಹೇಳಿರಲಿಲ್ಲ.
ಮಗ್ಗ ಇದ್ದ ಜಾಗದಾಗ ಇಟ್ಟೀವಿ,
ನೆಲದಾಗ ಬೋಲ್ಟಿನ ನಾಲ್ಕು ತೂತು ಇನ್ನೂ ಅದಾವ.
ಅವ್ವ ಅಡ್ಯಾಗ ಒಂದು ಕೌದಿ ಹಾಸಿದ್ಲು, ಸಪ್ಪಳ ಆಗಬಾರದಂತ.
ಎಡಕ್ಕ ನಾಲ್ಕು ಪವರ್‌ಲೂಮ್, ಬಲಕ್ಕ ಆರು,
ಯಾರ ಕಿವಿಗಿ ಹೆದರಿದ್ಲೋ!

ಮೊದಲ ವಾರ ಬಿದ್ದೆ. ಎಡಗಡೆ. ಮತ್ತ ಎಡಗಡೆ.
ಒಮ್ಮಿ ಸೈಕಲ್ ಸಮೇತ ಜೋಳದ ಚೀಲದ ಮ್ಯಾಲ.
ಬಾಗಲ ಚೌಕಟ್ಟು ಮುಟಿಗೊಂಡು ಹತ್ತಬೇಕು,
ಬಿಡೂದು ಯಾವಾಗ ಅನ್ನೂದು ಕೈಗೆ ಗೊತ್ತಾಗಬೇಕು.
ಕಣ್ಣು ಗಾಲಿಗೆ ಇಳೀತೋ, ಮುಗೀತು.
ಎದುರಿನ ಗ್ವಾಡಿಗಿ ಕ್ಯಾಲೆಂಡರ್,
ಅಮಾಸಿಯ ಕಪ್ಪು ಚುಕ್ಕಿ ನೋಡಿಕೋತ ತುಳೀತೀನಿ.

ವ್ಯಾಟ್ ಹೇಳಾಕ ಇದಕ್ಕ ಬಾಯಿಲ್ಲ.
ಹದಿನೇಳರ ಮಗ್ಗಿ ಪೂರ್ತಿ ಹೇಳಾಕ ಬಂದ್ರ, ಅದು ಹಗುರ.
ಹದಿನೇಳ್ ಆರಲೆ ತಪ್ಪಿದ್ರ, ಎಂಟು ನಿಮಿಷದ್ದು ಬರೋಬ್ಬರಿ.
ಎರಡರ ಮಗ್ಗಿನೂ ಮರತ್ರ ಗುರುವಾರ.
ಸರ್ ನೋಟ್‌ಬುಕ್ ನೋಡಿ ನಕ್ರು, ಆಮ್ಯಾಲ ತಾವೂ ಬರಕೊಂಡ್ರು.

ಆ ಹಿಮದ ಗುಡ್ಡದ ಆಸೆ ಹೋಗಿಲ್ಲ. ಸುಳ್ಳ್ಯಾಕ ಹೇಳ್ಲಿ,
ಆ ಕುರಿ ಕನಸಿನ್ಯಾಗ ಬರ್ತದ.

ನಿನ್ನೆ ಮುಂಜಾನೆ ಕರೆಂಟ್ ಇರಲಿಲ್ಲ.
ಓಣಿಯ ಮಗ್ಗ ಎಲ್ಲಾ ಗಪ್ಪಾದ್ವು,
ನನ್ನ ಮೂರು ಪೈಪಿನ ಗುಂಯ್ ಒಂದ ಉಳೀತು.
ರಾಜೇಸಾಬ ಮಾಮಾ ಚಹಾದ ಗ್ಲಾಸ್ ಹಿಡಕೊಂಡು ಬಾಗಲಕ್ಕ ಬಂದ,
ಕಣ್ಣು ಮುಚ್ಚಿ ಕೇಳಿದ.
"ಎಲ್ಲೀ ತನಕ ಹೋಗಿ ಬಂದಿ?"
"ಎಲ್ಲಿಗೂ ಇಲ್ಲ ಮಾಮಾ. ನಲವತ್ತು ಕಿಲೋಮೀಟರ್."
"ಮುಂದಿನ ಎಡಗಡೆ ಬೇರಿಂಗ್ ಅಳತದ," ಅಂದ,
"ಇಳದ ಮ್ಯಾಲ ಒಂದು ಹನಿ ಎಣ್ಣಿ ಬಿಡು."